ಹಡಗಿನ ಮೇಲಂತಸ್ತಿನ ಒಂದು ಕುರ್ಚಿ

ಅವ್ವಣ್ಣನಿಗೆ ನಾವು ಒಂದು ಕುರ್ಚಿ ಬಾಕಿ ಇದ್ದೇವೆ. ಫ್ರಾನ್ಸಿನ ಕ್ಯಾಲೆ ಬಂದರಿನಿಂದ ಇಂಗ್ಲೆಂಡಿನ ಡೋವರಿಗೆ ಗಾಡಿಗಳನ್ನು ಹೊಟ್ಟೆಯಲ್ಲಿ ತುಂಬಿಕೊಂಡು ದಾಟುವ ಹಡಗಿನ ಮೇಲಂತಸ್ತಿನಲ್ಲಿ, ಕಿಟಕಿಯ ಪಕ್ಕ, ಒಂದೂವರೆ ಗಂಟೆ ಕೂರುವ ಕುರ್ಚಿ. ಎಂಟು ವರ್ಷವಾಯಿತು. ನಾವು ಅಂದರೆ ಪುಣೆಯ ಕಟ್ಟಡ ಕಾರ್ಮಿಕರ ಸಂಘಟನೆ. ಸಂಘಟನೆ ಅಂದರೆ ಆ ದಿನ ಪಟ್ಟಿ ಬರೆದ ನಾನು. ಕುಂಟುನೆಪಗಳ ಠರಾವುಗಳನ್ನು ಬೇಕಾದಷ್ಟು ಪಾಸು ಮಾಡಿರುವ ನಮ್ಮ ದಫ್ತರಿನಲ್ಲಿ ಈ ಬಾಕಿಯ ಮಾತು ಒಂದು ಸಾಲೂ ಇಲ್ಲ.

ನಮ್ಮ ಧನಕವಡಿ ಬಡಾವಣೆಯ ಬೀದಿಯಲ್ಲಿ ಅವನನ್ನು ದೂರದಿಂದಲೇ ಗುರುತಿಸಬಹುದು. ಇಪ್ಪತ್ತೈದು ವರ್ಷ ಕ್ಲಚ್ಚು ತುಳಿದ ಎಡಗಾಲು ನೆಲವನ್ನೂ ಒತ್ತಿ ನೋಡಿಯೇ ಮುಂದಿಡುತ್ತದೆ. ಹೀಗಾಗಿ ಅವನ ನಡಿಗೆಯಲ್ಲಿ ಪ್ರತಿ ಎರಡನೆಯ ಹೆಜ್ಜೆಗೊಂದು ಗಾಂಭೀರ್ಯ, ಗೇರು ಬದಲಿಸುವವನ ಧ್ಯಾನ. ಮಳೆಗೂ ಬಿಸಿಲಿಗೂ ಒಂದೇ ಖಾಕಿ ಕೋಟು, ಅದರ ಎಡಜೇಬು ಯಾವಾಗಲೂ ಬಸುರಿಯ ಹೊಟ್ಟೆಯಂತೆ ಉಬ್ಬಿರುತ್ತದೆ. ಗಾಡಿಯನ್ನು ಎಲ್ಲಿ ನಿಲ್ಲಿಸಿದರೂ ಅದರ ಮುಖ ಹಾದಿಗೇ ಇರಬೇಕು. ಸ್ಮಶಾನಕ್ಕೆ ಹೆಣ ತಂದರೂ ಮೊದಲು ಗಾಡಿ ತಿರುಗಿಸಿಟ್ಟು ಆಮೇಲೆ ಇಳಿಯುತ್ತಿದ್ದ; ಹೆಣದ ಕಡೆಯವರು ಬೈದರೆ, "ಹೋಗೂದು ಎಲ್ಲಾರಿಗೂ ಅದರಿ, ಬರೂದೂ ಅದಲ್ರೀ" ಅನ್ನುತ್ತಿದ್ದ.

ಸುರಪುರದ ಕಡೆಯವನು. ಹೆಂಡತಿ ಹುಲಿಗೆವ್ವ ನಮ್ಮ ಸಂಘಟನೆಯ ಸದಸ್ಯೆ, ಬುಟ್ಟಿ ಹೊರುವವಳು, ನನಗಿಂತ ಗಟ್ಟಿ ಗಂಟಲಿನವಳು. ಅವನು ಉಸುಕಿನ ಲಾರಿ ಓಡಿಸುತ್ತಿದ್ದ. ತೊಂಬತ್ತರಲ್ಲಿ ನಮ್ಮ ಕಚೇರಿಗೆ ಬಂದು ಸದಸ್ಯತ್ವದ ಚೀಟಿ ಕೇಳಿದಾಗ ನಾವು ಕೊಡಲಿಲ್ಲ. ಡ್ರೈವರ್ ಅಂದರೆ ಮಾಲಕನ ಗಾಡಿಯವನು, ಕಾರ್ಮಿಕನಲ್ಲ ಎಂದು ನಮ್ಮ ಕಾರ್ಯದರ್ಶಿ ಮಾರ್ತಾಂಡ ಅರ್ಧ ತಾಸು ಸಿದ್ಧಾಂತ ಕೊರೆದ. ಅವ್ವಣ್ಣ ಪೂರ್ತಿ ಕೇಳಿಸಿಕೊಂಡು, "ಹೌದ್ರಿ, ಆದ್ರ ನಿಮ್ಮ ಮೋರ್ಚಾಕ್ಕ ಮಂದಿ ತರಾಕ ಲಾರಿ ಬೇಕಾದ್ರ ಹೇಳ್ರಿ" ಎಂದು ಎದ್ದು ಹೋದ.

ನಾವು ಹೇಳಿದೆವು, ಅನೇಕ ಸಲ ಹೇಳಿದೆವು. ಅವನು ತಂದು ಇಳಿಸುತ್ತಿದ್ದ. ಭಾಷಣ ಮುಗಿಯುವವರೆಗೆ ಮೂರು ಫರ್ಲಾಂಗು ಆಚೆ ಲಾರಿಯ ಹತ್ತಿರವೇ ಕೂತಿರುತ್ತಿದ್ದ. ಗಾಡಿ ಬಿಟ್ಟು ಬರುವಂತಿಲ್ಲವಲ್ಲ. ನನ್ನ ಒಂದೇ ಒಂದು ಭಾಷಣವನ್ನೂ ಅವನು ಕೇಳಿಲ್ಲ. "ಚಪ್ಪಾಳಿ ಕೇಳಸ್ತಾವರಿ ಅಕ್ಕಾರ, ಅದರ ಮ್ಯಾಲ ತಿಳಕೋತೀನಿ" ಅನ್ನುತ್ತಿದ್ದ.

ತೊಂಬತ್ತೊಂದರ ಮಳೆಗಾಲದಲ್ಲಿ ಕಟ್ಟುತ್ತಿದ್ದ ಕಟ್ಟಡವೊಂದರ ಸ್ಲ್ಯಾಬು ಕುಸಿದು ಮೂವರು ಸತ್ತರು. ಕಾತ್ರಜದ ಬಳಿ ಸಾತಾರಾ ರಸ್ತೆ ತಡೆದೆವು. ಪೊಲೀಸರ ವ್ಯಾನು ಬರುತ್ತಿರುವುದು ಕಂಡಾಗ, ಮಂದಿಯನ್ನು ಇಳಿಸಿ ಹೊರಟಿದ್ದ ಅವ್ವಣ್ಣನಿಗೆ ನಾನೇ ಕೂಗಿ ಹೇಳಿದೆ: "ಲಾರಿ ಅಡ್ಡ ನಿಲ್ಲಿಸೋ!" ಆ ಮನುಷ್ಯ ಜೀವಮಾನದಲ್ಲಿ ಒಂದೇ ಸಲ ಗಾಡಿಯನ್ನು ಹಾದಿಗೆ ಮುಖ ಮಾಡದೆ ನಿಲ್ಲಿಸಿದ್ದು ಅವತ್ತು. ನಿಲ್ಲಿಸಿದವನು ಇಳಿದು ಮುಂದಿನ ಎರಡೂ ಟಾಯರಿನ ಗಾಳಿ ತೆಗೆದು, ಸ್ಟೆಪ್ನಿಯ ಮೇಲೆ ಕೂತು ಬೀಡಿ ಹಚ್ಚಿದ. ನಾಲ್ಕು ತಾಸು ರಸ್ತೆ ನಮ್ಮದಾಗಿತ್ತು. ಪತ್ರಿಕೆಯಲ್ಲಿ ನನ್ನ ಫೋಟೋ ಬಂತು. ಕೇಸು ನಲವತ್ತಮೂರು ಮಂದಿಯ ಮೇಲೆ ಬಿತ್ತು, ಹುಲಿಗೆವ್ವನ ಮೇಲೂ, ಅವ್ವಣ್ಣನ ಮೇಲೂ. ಅವನ ಲಾರಿ ಕೆಲಸ ಅವತ್ತೇ ಹೋಯಿತು.

ಮುಂದೆ ಅವನಿಗೆ ಕೆಲಸ ಕೊಟ್ಟವರು ಧನಕವಡಿಯ ಹೋಟೆಲಿನ ಸದಾನಂದ ಶೆಟ್ಟರು, ಕುಂದಾಪುರದವರು. ಮಾರ್ಕೆಟ್ ಯಾರ್ಡಿನಿಂದ ತರಕಾರಿ ತರುವ ಕೆಲಸ. ಶೆಟ್ಟರಿಗೊಂದು ಹುಚ್ಚಿತ್ತು: ಸ್ವಾತಂತ್ರ್ಯಕ್ಕೆ ಐವತ್ತು ತುಂಬುವ ವರ್ಷ ತಮ್ಮದೇ ಜೀಪಿನಲ್ಲಿ ಪುಣೆಯಿಂದ ಲಂಡನ್ನಿಗೆ ಹೋಗುವುದು. ಎರಡು ವರ್ಷ ತಯಾರಿ ನಡೆಯಿತು. ತಯಾರಿ ಅಂದರೆ ಅವ್ವಣ್ಣ. ಅವನಿಗೆ ನಕಾಶೆ ಓದಲು ಬರುತ್ತಿರಲಿಲ್ಲ. ಊರಿಂದೂರಿಗೆ ಹಾದಿಯನ್ನು ಗಲ್ಲೆಯ ಮೇಲಿನ ಬಿಲ್ಲಿನ ಕಾಗದದ ಸುರುಳಿಯ ಮೇಲೆ ಒಂದೇ ನೇರ ಗೆರೆಯಾಗಿ ಎಳೆಯುತ್ತಿದ್ದ. ಡೀಸೆಲ್ಲಿಗೆ ಸೊನ್ನೆ, ಘಾಟಿಗೆ ಮುಕ್ಕೋನ, ಚೌಕಿಗೆ ಟೋಪಿ. ಶೆಟ್ಟರು ಪುಸ್ತಕ ನೋಡಿ ಓದಿ ಹೇಳುವುದು, ಇವನು ಬರೆಯುವುದು. ಮಧ್ಯಾಹ್ನ ಮೂರರ ಮೇಲೆ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ನಾಲ್ಕು ಮೇಜು ಜೋಡಿಸಿ ಸುರುಳಿ ಬಿಚ್ಚಿದರೆ ವಾಘಾ, ಕ್ವೆಟ್ಟಾ, ಇರಾನ್, ತುರ್ಕಿಗಳು ಸಾಂಬಾರಿನ ಕಲೆಗಳ ನಡುವೆ ಹಾಯುತ್ತಿದ್ದವು. ಅವನ ಕೋಟಿನ ಎಡಜೇಬಿನಲ್ಲಿದ್ದದ್ದು ಇದೇ.

ಸುರುಳಿಯ ಕೊನೆಯಲ್ಲಿ ಒಂದು ಗೇಣು ಕಾಗದ ಬರಿದಾಗಿತ್ತು.

"ಎಂತ ಮಾರಾಯ, ಇಲ್ಲಿ ಯಾಕೆ ಖಾಲಿ ಬಿಟ್ಟಿದ್ದೀ?" ಎಂದು ಶೆಟ್ಟರು ಕೇಳಿದಾಗ ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ.

"ನೀರದರಿ ಶೆಟ್ರ. ನಾ ಓಡಸಲಾರದ್ದು ನಾ ಬರಿಯಂಗಿಲ್ಲ."

"ಉಳಿದದ್ದೆಲ್ಲ ಓಡಿಸಿದ್ದೀಯಾ? ಇರಾನು ನಿನ್ನ ಮಾವನ ಮನೆಯಾ?"

"ಹಾದಿ ಎಲ್ಲಿದ್ರೂ ಹಾದೀನೇ ರೀ. ನೀರು ಬ್ಯಾರೆ. ಹಡಗಿನ್ಯಾಗ ಗಾಡಿ ಕಾಯಕೋತ ನಾ ತಳಗ ಕುಂಡರಬೇಕಲ್ಲ, ಅಲ್ಲಿ ದೀಪ ಇರತಾವೇನ್ರಿ?"

ಶೆಟ್ಟರು ಹಡಗಿನ ಕಂಪನಿಯ ಕರಪತ್ರ ತೆಗೆದು, ಕನ್ನಡಕ ಏರಿಸಿ ಓದಿದರು. ಹಡಗು ಹೊರಟ ಮೇಲೆ ಗಾಡಿಗಳ ಅಂತಸ್ತಿನಲ್ಲಿ ಯಾರೂ ಇರುವಂತಿಲ್ಲ. ಎಲ್ಲರೂ ಮೇಲೆ ಹೋಗಿ ಕೂರಬೇಕು. ಅಲ್ಲಿ ಕುರ್ಚಿಗಳಿವೆ, ಚಹಾ ಕಾಫಿ ಸಿಗುತ್ತದೆ.

"ಡ್ರೈವರನೂ?"

"ಡ್ರೈವರೂ."

"ಇನ್ನೊಮ್ಮೆ ಓದ್ರಿ."

ಮೂರು ಸಲ ಓದಿಸಿದ. ಮೂರನೆಯ ಸಲ ಅವನ ಮುಖ ನೋಡಿದವಳು ನಾನು. ಮದುವೆ ಮನೆಗಳ ಹೊರಗೆ, ಆಸ್ಪತ್ರೆಗಳ ಹೊರಗೆ, ನಮ್ಮ ಸಭೆಗಳ ಹೊರಗೆ ಗಾಡಿಯ ನೆರಳಿನಲ್ಲಿ ಆಯುಷ್ಯ ಕಳೆದವನಿಗೆ, ಗಾಡಿಯ ಜೊತೆ ಇರುವುದೇ ನಿಷಿದ್ಧವಾದ ಜಾಗವೊಂದು ಭೂಮಿಯ ಮೇಲಿದೆ ಎಂದು ಅವತ್ತು ತಿಳಿದಿತ್ತು. ಅಲ್ಲಿಂದ ಮುಂದೆ ಅವನಿಗೆ ಲಂಡನ್ನು ಬೇಕಾಗಿರಲಿಲ್ಲ. ಆ ಖಾಲಿ ಗೇಣು ಬೇಕಾಗಿತ್ತು.

ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮುಂಚೆ ಅವನು ನನ್ನಲ್ಲಿಗೆ ಬಂದ. ಹೊಸ್ತಿಲಾಚೆಯೇ ನಿಂತು ಕೇಳಿದ: "ಅಕ್ಕಾರ, ಫಾರಮಿನ್ಯಾಗ ಕೇಸ್ ಅದೇನು ಅಂತ ಕೇಳ್ಯಾರ. ನನ್ನ ಕಾತ್ರಜದ ಕೇಸ್ ಮುಗದದಲ್ರೀ?"

ನಾನು ಯಾವುದೋ ಮನವಿಪತ್ರ ತಿದ್ದುತ್ತಿದ್ದೆ. ತಲೆ ಎತ್ತದೆ ಹೇಳಿದೆ: "ಎಲ್ಲಾರದೂ ಮುಗೀತಪ್ಪ. ಇಲ್ಲ ಅಂತ ಬರಿ."

ಮುಗಿದಿರಲಿಲ್ಲ. ಅದಕ್ಕೆ ಎರಡು ವರ್ಷ ಹಿಂದೆ ಸರಕಾರದವರು ರಾಜಿಗೆ ಬಂದು, ಕೇಸು ಹಿಂತೆಗೆಯುತ್ತೇವೆ, ನಿಮ್ಮವರ ಹೆಸರು ಕೊಡಿ ಎಂದಿದ್ದರು. ನಾನು ಸದಸ್ಯತ್ವದ ಪುಸ್ತಕ ಎದುರಿಗಿಟ್ಟುಕೊಂಡು ದುಂಡಗಿನ ಅಕ್ಷರದಲ್ಲಿ ಪಟ್ಟಿ ಬರೆದೆ: ನಲವತ್ತೆರಡು ಹೆಸರು. ನಲವತ್ತಮೂರನೆಯವನಿಗೆ ಚೀಟಿಯನ್ನೇ ಕೊಟ್ಟಿರಲಿಲ್ಲವಲ್ಲ, ಪುಸ್ತಕದಲ್ಲಿ ಎಲ್ಲಿಂದ ಬರಬೇಕು? ನಾವು ಬಿಡುಗಡೆಯಾಗಿ ಗುಲಾಲು ಎರಚಿಕೊಂಡೆವು. ಕೋರ್ಟಿನಲ್ಲಿ ಅವ್ವಣ್ಣನೊಬ್ಬನ ಹೆಸರು ಕೂಗುತ್ತಲೇ ಹೋದರು; ಕೇಸು ಮುಗಿಯಿತೆಂದು ನಂಬಿ ತಾರೀಖಿಗೆ ಹೋಗದವನ ಮೇಲೆ ವಾರಂಟೂ ಹೊರಟಿತು. ಪಾಸ್‌ಪೋರ್ಟಿನ ವಿಚಾರಣೆಗೆ ಬಂದ ಪೊಲೀಸರು ಅದನ್ನೆಲ್ಲ ಹೊರತೆಗೆದರು. ಅರ್ಜಿ ಬಿದ್ದುಹೋಯಿತು, ಸುಳ್ಳು ಬರೆದವನೆಂಬ ಹೆಸರೂ ಬಂತು. ಜೀಪಿಗೆ ದೇಶದೇಶ ದಾಟುವ ರಹದಾರಿ ಪುಸ್ತಕ ಸಿಕ್ಕಿತು, ಜೀಪು ಓಡಿಸಬೇಕಾದವನಿಗೆ ಪಾಸ್‌ಪೋರ್ಟು ಸಿಗಲಿಲ್ಲ.

ಹುಲಿಗೆವ್ವ ನಮ್ಮ ಕಚೇರಿಗೆ ಬಂದು ಮೇಜಿನ ಮುಂದೆ ನಿಂತಳು. "ನಿಮ್ಮ ಪಟ್ಟ್ಯಾಗ ನಾ ಅದೀನಿ, ನನ್ನ ಗಂಡ ಇಲ್ಲ. ಹಂಗಾದ್ರ ನನಗ ಕೊಡಸ್ರಿ ಪಾಸ್‌ಪೋರ್ಟ್, ಬುಟ್ಟಿ ಹೊತಗೊಂಡು ನಾನಽ ಹೋಗ್ತೀನಿ ಲಂಡನ್‌ಕ. ಅಲ್ಲೂ ಸ್ಲ್ಯಾಬ್ ಬೀಳತಾವಲ್ಲ?" ಅಂದಳು. ಆಮೇಲೆ ಅವಳು ಚಂದಾ ಕೊಡುವುದನ್ನು ಬಿಟ್ಟಳು, ಸರಿಯಾಗಿಯೇ ಬಿಟ್ಟಳು.

ಶೆಟ್ಟರು ನಿಗಡಿ ಬಡಾವಣೆಯ ಬೇರೊಬ್ಬ ಡ್ರೈವರನನ್ನು ಕರೆತಂದಾಗ, ಅವ್ವಣ್ಣನೇ ಆತನನ್ನು ಕೂರಿಸಿಕೊಂಡು ಎಂಟು ದಿನ ಸುರುಳಿ ಓದಲು ಕಲಿಸಿದ. ಹೊರಡುವ ಮುಂಜಾನೆ ಜೀಪನ್ನು ಹಾದಿಗೆ ಮುಖ ಮಾಡಿ ತಾನೇ ನಿಲ್ಲಿಸಿ, ಚಾವಿ ಕೊಟ್ಟು, ತರಕಾರಿ ತರಲು ಮಾರ್ಕೆಟ್ಟಿಗೆ ಹೋದ. ಮೂರು ತಿಂಗಳ ಮೇಲೆ ಶೆಟ್ಟರು ಮರಳಿದರು. ಹೋಟೆಲಿನ ಗೋಡೆಗೆ ದೊಡ್ಡ ಫೋಟೋ ಬಂತು. ಅವನು ಕೇಳಿದ್ದು ಒಂದೇ ಪ್ರಶ್ನೆ.

"ಮ್ಯಾಲ ಕುರ್ಚಿ ಹ್ಯಾಂಗಿದ್ವರಿ ಶೆಟ್ರ?"

"ಕುರ್ಚಿ ಯಾರಿಗೆ ನೆನಪುಂಟು ಮಾರಾಯ. ಆ ಅಲೆಗೆ ನಾನು ದಾರಿಯುದ್ದಕ್ಕೂ ವಾಂತಿ ಮಾಡಿದ್ದೇ ಬಂತು."

ಅವ್ವಣ್ಣ ನಕ್ಕ. ಲಂಡನ್ನಿಗೆ ಹೋಗಿ ಬಂದ ಸುರುಳಿಯನ್ನು ಮರಳಿ ಜೇಬಿಗೆ ಇಟ್ಟುಕೊಂಡ. ಅದರ ಕೊನೆಯ ಗೇಣನ್ನು ಈಚೆಗೆ ನಾನು ನೋಡಿದೆ, ಇನ್ನೂ ಬರಿದಾಗಿಯೇ ಇದೆ.

ನನಗೆ ಬುದ್ಧಿ ಬಂದದ್ದು ತಡವಾಗಿ. ವಾರಂಟು ರದ್ದು ಮಾಡಿಸಿದೆ. ಲಾರಿ ಅಡ್ಡ ನಿಲ್ಲಿಸಲು ಹೇಳಿದವಳು ನಾನೇ ಎಂದು ಬರೆದುಕೊಟ್ಟೆ. ಒಬ್ಬಳ ಮಾತು ಸಾಲದು, ಅಲ್ಲಿದ್ದ ಇನ್ನಷ್ಟು ಜನ ಬಂದು ಹೇಳಲಿ ಎಂದರು ವಕೀಲರು. ನನ್ನನ್ನು ಬಿಟ್ಟು ಪಟ್ಟಿಯ ನಲವತ್ತೊಂದು ಮಂದಿಯ ಬಾಗಿಲು ತಟ್ಟಿದೆ. ಬರುತ್ತೇನೆಂದವರು ಇಬ್ಬರು, ಅದರಲ್ಲಿ ಒಬ್ಬಳು ಹುಲಿಗೆವ್ವ. ಹೆಂಡತಿಯ ಸಾಕ್ಷಿಗೆ ಎಷ್ಟು ತೂಕ! ಮಾರ್ತಾಂಡ ಈಗ ಸ್ವತಃ ಕೂಲಿಗಳನ್ನು ಒದಗಿಸುವ ಗುತ್ತೇದಾರ. "ಹಳೇದೆಲ್ಲಾ ಯಾಕ ಕೆದಕ್ತೀರಿ ಅಕ್ಕಾರ, ಅಂವಗ ಈ ವಯಸ್ಸಿನ್ಯಾಗ ಯಾವ ವಿದೇಶ?" ಎಂದ. ಅವನ ಪಾಸ್‌ಪೋರ್ಟು ಮೇಜಿನ ಮೇಲೇ ಬಿದ್ದಿತ್ತು, ದುಬೈಯ ಠಸ್ಸೆ ಹೊತ್ತು.

ಚಳವಳಿಗಳನ್ನು ಗಾಲಿಯ ಮೇಲೆ ಹೊತ್ತು ತರುವ ಒಂದು ಜಾತಿಯ ಮನುಷ್ಯರಿದ್ದಾರೆ. ಅವರಿಗೆ ನಮ್ಮ ಘೋಷಣೆ ಬಾಯಿಪಾಠವಿಲ್ಲ, ನಮ್ಮ ತತ್ವವೂ ಗೊತ್ತಿಲ್ಲ. ನಮ್ಮನ್ನು ನ್ಯಾಯದ ಬಾಗಿಲವರೆಗೆ ಬಿಟ್ಟು ತಾವು ಹೊರಗೆ ಕಾಯುತ್ತಾರೆ, ಮತ್ತು ನಾವು ಬೇರೆ ಬಾಗಿಲಿನಿಂದ ಹೊರಬಿದ್ದು ಮನೆಗೆ ಹೋಗಿಬಿಡುತ್ತೇವೆ. ಚರಿತ್ರೆ ಬರೆಯುವವರು ಸದಸ್ಯತ್ವದ ಪುಸ್ತಕ ನೋಡಿ ಬರೆಯುತ್ತಾರೆ, ನಾನು ಬರೆದ ಹಾಗೆ.

ಬರುವ ಜೂನ್ ಹದಿನಾರು, ಗುರುವಾರ, ಅವ್ವಣ್ಣನ ತಾರೀಖು ಇದೆ. ತೊಂಬತ್ತೊಂದರಲ್ಲಿ ಕಾತ್ರಜದ ಆ ರಸ್ತೆಯ ಮೇಲೆ ಕೂತಿದ್ದವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಹನ್ನೊಂದು ಗಂಟೆಗೆ ಕೋರ್ಟಿನ ಮೆಟ್ಟಿಲ ಬಳಿ ಬನ್ನಿ. ಒಳಗೆ ಹೋಗಿ, ಲಾರಿ ನಿಲ್ಲಿಸಿದವರು ನಾವು ಎಂದು ಬಾಯಿಬಿಟ್ಟು ಹೇಳಿ. ಅಲ್ಲಿ ಇರದಿದ್ದ ನೀವು, ಯಾವುದೋ ಒಂದು ದಿನ ಯಾವುದೋ ಒಂದು ಲಾರಿ ಹತ್ತಿ ಮೋರ್ಚಾಕ್ಕೆ ಹೋಗಿ ಗೆದ್ದು ಬಂದಿದ್ದೀರಿ. ಅದನ್ನು ಓಡಿಸಿದವನ ಹೆಸರೇನು? ಗೊತ್ತಿಲ್ಲದಿದ್ದರೆ ಈಗ ಎದ್ದು ಹೋಗಿ ಕೇಳಿಕೊಂಡು ಬನ್ನಿ.