ಹುಡುಗಿ ಇನ್ನೂ ಓದ್ತಾವ್ಳೆ

"ಎಡಕ್ಕೆ ಎಳಿರೋ, ಸೊಟ್ಟಗೈತೆ!" ಡ್ರೈವರ್ ಇಂದ್ರೇಶ ಕೂಗಿದ. ಬಸ್ಸಿನ ಮುಂದೆ ಕಟ್ಟುತ್ತಿದ್ದ ಫ್ಲೆಕ್ಸು ಗಾಳಿಗೆ ಪಟಪಟನೆ ಬಡಿದು ಅಗಲಕ್ಕೆ ಹರಡಿಕೊಂಡಿತು. ಅದರಲ್ಲಿ ಕಂಡಕ್ಟರ್ ಸಿದ್ದಬಸಪ್ಪನವರ ನಗುಮುಖ, ಅದರಡಿ ದಪ್ಪ ದಪ್ಪ ಅಕ್ಷರ.

ಕೆಳಗೆ ನಿಂತಿದ್ದ ಸೌಂದರ್ಯಳಿಗೆ ತಡೆಯಲಾಗಲಿಲ್ಲ. "ಭಾವಪೂರ್ಣ ಶ್ರದ್ಧಾಂಜಲಿ!" ಎಂದು ಒಂದೇ ಉಸಿರಿಗೆ ಕೂಗಿಬಿಟ್ಟಳು.

ಅಂಗಳದಲ್ಲಿ ಅಳುತ್ತಿದ್ದವರೆಲ್ಲ ತಿರುಗಿ ನೋಡಿದರು. ತಾಯಿ ಹನುಮಮ್ಮ ಓಡಿಬಂದು ಮಗಳ ತೋಳು ಹಿಡಿದಳು. "ಸುಮ್ಕಿರೇ! ಸಾವಿನ ಮನೆ ಕಣೇ ಇದು."

ಸೌಂದರ್ಯ ತುಟಿ ಕಚ್ಚಿಕೊಂಡಳು. ಕಣ್ಣು ಮಾತ್ರ ಫ್ಲೆಕ್ಸಿನ ಮೇಲೇ ಇತ್ತು. ಒಂದರ ಬೆನ್ನಿಗೊಂದು ಒತ್ತಕ್ಷರ, ಎಲ್ಲೂ ಎಡವಿರಲಿಲ್ಲ! ಕಂಡಕ್ಟರ್ ತಾತನಿಗೆ ಹೇಳಬೇಕಿತ್ತು.

*

ಕೊರೊನಾ ಬಂದು ಶಾಲೆ ಮುಚ್ಚಿದಾಗ ಅವಳು ಒಂದನೇ ಕ್ಲಾಸು. ಶಾಲೆ ತೆರೆದಾಗ ತಾಯಿಯ ಜೊತೆ ಅರೇಹಳ್ಳಿ ಕಡೆ ಕಾಫಿ ಹಣ್ಣು ಕೊಯ್ಯಲು ಹೋಗಿದ್ದಳು. ಹಳೇಬೀಡಿನ ಶಾಲೆಗೆ ಮರಳುವಷ್ಟರಲ್ಲಿ ನಾಲ್ಕನೇ ಕ್ಲಾಸು. ಅಕ್ಷರಗಳ ಗುರುತಿತ್ತು, ಒಂದೊಂದನ್ನೇ ಕೂಡಿಸಿಕೊಂಡು ಪದದ ಕೊನೆ ಮುಟ್ಟುವಾಗ ಮೊದಲು ಏನಿತ್ತೆಂಬುದೇ ಮರೆತಿರುತ್ತಿತ್ತು. ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು.

ಒಂದು ಬೆಳಿಗ್ಗೆ ಜಾವಗಲ್ಲಿನಿಂದ ಹೊರಟ ಬಸ್ಸು ಹಳೇಬೀಡು ಹೊಕ್ಕಾಗ ಸೀಟಿನ ಕಂಬಿ ತಬ್ಬಿಕೊಂಡಳು. "ನಾನ್ ಇಳಿಯಲ್ಲ ತಾತ. ನಂಗೆ ಓದಕ್ ಬರಲ್ಲ."

ಸಿದ್ದಬಸಪ್ಪ ಬುದ್ಧಿ ಹೇಳಲಿಲ್ಲ. ಕಿಟಕಿಯಾಚೆ ಬೆರಳು ತೋರಿಸಿದರು. "ಆ ಬೋರ್ಡು ಏನವ್ವಾ?"

"ಬೇ... ಕ..."

ಬೋರ್ಡು ಹಿಂದೆ ಸರಿಯಿತು.

"ಇಂದ್ರೇಶಾ, ನಿಧಾನ ಕಣಪ್ಪೋ! ಹುಡುಗಿ ಇನ್ನೂ ಓದ್ತಾವ್ಳೆ!"

ಅಲ್ಲಿಂದ ದಿನವೂ ಅದೇ ಆಟ. ಹೊತ್ತಾಯಿತೆಂದು ಗೊಣಗಿದವರೂ ಆಮೇಲೆ ಸೇರಿಕೊಂಡರು. "ಬಂತು ಬಂತು, ಓದ್ ಮಗಾ!" ಬರಬರುತ್ತ ಇಂದ್ರೇಶ ಬ್ರೇಕು ತುಳಿಯುವುದೇ ಕಡಿಮೆಯಾಯಿತು. ಬಸ್ಸು ಭರ್ರನೆ ಓಡುತ್ತಿರುವಾಗಲೇ ಅವಳು "ಗೊಬ್ಬರ ಮತ್ತು ಬಿತ್ತನೆ ಬೀಜ ಮಾರಾಟ ಮಳಿಗೆ" ಎಂದು ಓದಿ ಮುಗಿಸಿದ ದಿನ ಬಸ್ಸೆಲ್ಲ ಚಪ್ಪಾಳೆ. ಸಿದ್ದಬಸಪ್ಪ ಸೀಟಿ ಊದುವುದನ್ನೇ ಮರೆತರು. ಬಸ್ಸು ಸ್ಟಾಪು ದಾಟಿ ಹೋಗಿಬಿಟ್ಟಿತು!

*

"ಯಾರವ್ವಾ ಓದಿದ್ದು?"

ವಿಭೂತಿ ಬಳಿದು, ಹೂವಿನ ನಡುವೆ ಕೂರಿಸಿದ್ದ ಗಂಡನ ಪಕ್ಕದಿಂದ ರುದ್ರಮ್ಮ ಕೇಳಿದರು.

"ತಪ್ಪಾಯ್ತು ಕಣ್ರವ್ವಾ, ಕೂಸಿಗೆ ತಿಳೀಲಿಲ್ಲ," ಹನುಮಮ್ಮ ಕೈಮುಗಿದಳು.

"ಬೋರ್ಡ್ ಓದೋ ಹುಡುಗೀನೇ ನೀನು? ಊಟಕ್ ಕೂತ್ರೆ ನಿನ್ನ ಸುದ್ದೀನೇ ಕಣೇ ಅವ್ರಿಗೆ." ರುದ್ರಮ್ಮನ ಅಳುಮೋರೆಯಲ್ಲಿ ನಗು ಮೂಡಿತು. "ಇನ್ನೊಂದ್ಸಲ ಓದು. ಜೋರಾಗಿ ಓದು, ಅವ್ರಿಗೂ ಕೇಳ್ಲಿ."

ಸೌಂದರ್ಯ ಕೊನೆಯ ಸಾಲಿನ ತನಕ ಓದಿದಳು. ತಾತನ ಹೆಸರು ಬಂದಾಗ ದನಿ ನಡುಗಿತು, ನಿಲ್ಲಲಿಲ್ಲ. ಇಂದ್ರೇಶ ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ಮೆರವಣಿಗೆ ಜಾವಗಲ್ಲಿನ ಪೇಟೆಗೆ ಬಂದಾಗ ವ್ಯಾಪಾರಿಗಳು ಗೌರವಕ್ಕೆಂದು ಅಂಗಡಿಗಳ ಷಟರ್ ಎಳೆಯತೊಡಗಿದರು. ಬಣ್ಣದಲ್ಲಿ ಬರೆದ ಅಕ್ಷರಗಳು ಕಬ್ಬಿಣದ ಮೇಲೆ ಗಡಗಡನೆ ಇಳಿದು ಬಂದವು. ಸೌಂದರ್ಯ ಮುಂದಕ್ಕೆ ಓಡಿದಳು; ಅದೇ ಬಸ್ಸಿನಲ್ಲಿ ಶಾಲೆಗೆ ಹೋಗುವ ಮಕ್ಕಳೆಲ್ಲ ಅವಳ ಹಿಂದೆ. ಒಂದೊಂದು ಷಟರೂ ನೆಲ ಮುಟ್ಟುವ ಮೊದಲೇ ಆ ಅಂಗಡಿಯ ಹೆಸರು ಬೀದಿಯ ತುಂಬ ಕೇಳಿಸುತ್ತಿತ್ತು.