ಸೋಲೊ ಕೇಳಿದವರು

ಟೇಪಿನ ತುದಿಯನ್ನು ಹಲ್ಲಿನಿಂದ ಕಡಿದು ನೆವೆನಾ ಅಪ್ಪನ ಮುಖವನ್ನು ದೀಪದ ಕಂಬಕ್ಕೆ ಒತ್ತಿ ಹಿಡಿದಳು. ಕಡಲ ಕಡೆಯ ನವೆಂಬರ್ ಗಾಳಿ ಹಾಳೆಯ ಮೂಲೆಯನ್ನು ಮತ್ತೆ ಮತ್ತೆ ಎತ್ತಿ ನೋಡುತ್ತಿತ್ತು, ಒಳಗೆ ಇನ್ನೇನಾದರೂ ಬರೆದಿದ್ದಾರೆಯೇ ಎನ್ನುವಂತೆ. ಬರೆದಿದ್ದದ್ದು ಸ್ವಲ್ಪವೇ: ಸ್ಟಾಮೆನ್ ಎಂಬ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ, ಮಧ್ಯಾಹ್ನ ಮಣ್ಣು ಮಾಡಲಾಗುವುದು ಎಂಬ ಸುದ್ದಿ. ಬಾಲ್ಚಿಕ್ ಊರಿನ ಕಂಬಗಳ ಮೇಲೂ ಬಾಗಿಲುಗಳ ಮೇಲೂ ಇಂಥ ಹಾಳೆಗಳೇ. ಬೇಸಿಗೆಯ ಪ್ರವಾಸಿಗಳು ಖಾಲಿಯಾದ ಮೇಲೆ ಬೀದಿಯಲ್ಲಿ ಕಾಣುವ ಮುಖಗಳಲ್ಲಿ ಸತ್ತವರದ್ದೇ ಬಹುಮತ.

"ಹೆಸರಿನ ಕೆಳಗೆ ಏನೂ ಹಾಕಿಸಿಲ್ವಲ್ಲೇ," ಎಂದಿತು ಹಿಂದಿನಿಂದ ಒಂದು ದನಿ.

ಲೂಬೆನ್. 'ಬಿಳಿ ಹಡಗು' ರೆಸ್ಟೋರೆಂಟಿನಲ್ಲಿ ಸ್ಯಾಕ್ಸೊಫೋನ್ ಊದುತ್ತ, ಅಪ್ಪನಿದ್ದ ವಾದ್ಯತಂಡವನ್ನು ಅದು ಚದುರುವವರೆಗೂ ನಡೆಸಿದವನು. ಈಗ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡು ಮೊಮ್ಮಕ್ಕಳನ್ನು ಮೇಯಿಸುತ್ತಿದ್ದ. ಪಕ್ಕದ ಹಾಳೆಯಲ್ಲಿದ್ದ ಸತ್ತವನ ಮೇಲೆ ಬೆರಳಿಟ್ಟ. "ನೋಡು, ಇವನಿಗೆ ಇಂಜಿನಿಯರ್ ಅಂತ ಹಾಕಿದಾರೆ. ಬದುಕಿದ್ದಾಗ ಒಂದು ಬಲ್ಬು ತಿರುಗಿಸೋಕೆ ಬರ್ತಿರಲಿಲ್ಲ."

"ನಾನೇನು ಹಾಕಿಸ್ಲಿ ಮಾಮ? ಕಾರು ನಿಲ್ಲಿಸೋ ಜಾಗದ ಕಾವಲುಗಾರ ಅಂತಾನಾ?"

ಡ್ರಮ್ಮರ್ ಎಂದು ಹಾಕಿಸಬೇಕಿತ್ತು ಎಂದ ಲೂಬೆನ್. ಆ ಮಾತಿಗೇ ಕಾದಿದ್ದವಳಂತೆ ನೆವೆನಾ ತಿರುಗಿದಳು. ಗೋರಿಯ ಕಲ್ಲಿಗೆ ಏನು ಬರೆಯಲಿ ಎಂದು ನಾಳೆ ಕಲ್ಲು ಕೆತ್ತುವವನು ಕೇಳುತ್ತಾನೆ. ಹಾಳೆಯಾದರೆ ಗಾಳಿ ಕಿತ್ತುಕೊಂಡು ಹೋಗುತ್ತದೆ, ಕಲ್ಲಿನ ಮೇಲೆ ಸುಳ್ಳು ಕೆತ್ತಿಸಿ ಅದರ ಮುಂದೆ ವರ್ಷವರ್ಷವೂ ಹೂವಿಡುವುದಕ್ಕೆ ತನ್ನಿಂದಾಗದು ಎಂದಳು. "ಅಪ್ಪ ಬಾರಿಸಿದ್ದನ್ನ ನಾನು ಸರಿಯಾಗಿ ಕೇಳೇ ಇಲ್ಲ. ನೀವು ಕೇಳಿದೀರಿ. ಒಳ್ಳೇ ಡ್ರಮ್ಮರ್ ಆಗಿದ್ನಾ? ಸತ್ತೋನು ಅಂತ ಹೊಗಳ್ಬೇಡಿ. ನಿಜ ಹೇಳಿ."

ಕಡಲಿನಲ್ಲಿ ನೀರಿದೆಯೇ ಎಂದು ಯಾರೋ ಕೇಳಿದಂತೆ ಲೂಬೆನ್ ಅವಳನ್ನು ನೋಡಿದ. "ನಿಮ್ಮಪ್ಪನ ಸೋಲೊ ಕೇಳೋಕೇ ಅಂತ ಜನ ಬರ್ತಿದ್ರು ಕಣೆ."

ರಾತ್ರಿಯ ಕಡೆಯ ಹಾಡಿನ ನಡುವೆ ಉಳಿದ ವಾದ್ಯಗಳೆಲ್ಲ ನಿಂತು ಡ್ರಮ್ಮಿನವನೊಬ್ಬನಿಗೇ ಜಾಗ ಬಿಡುವ ಹೊತ್ತು ಅದು. ಅಷ್ಟು ಅವಳಿಗೆ ಗೊತ್ತಿತ್ತು.

"ಹೇಗಿರ್ತಿತ್ತು?"

"ಹೇಗಂದ್ರೆ... ಬಿರುಗಾಳಿ," ಎಂದವನು ಅವಳ ಕೈಯಿಂದ ಟೇಪನ್ನು ತೆಗೆದುಕೊಂಡು, ಗಟ್ಟಿಯಾಗಿಯೇ ಅಂಟಿದ್ದ ಮೂಲೆಗೆ ಇನ್ನೊಂದು ಸುತ್ತು ಹಾಕತೊಡಗಿದ.

*

ನೆವೆನಾ ಬೆಳೆದ ಏಳನೇ ಮಹಡಿಯ ಮನೆಯ ಗೋಡೆ ಎಷ್ಟು ತೆಳುವೆಂದರೆ ಪಕ್ಕದ ಮನೆಯವರು ಸೀನಿದರೆ ಇವರು ಇಲ್ಲಿಂದಲೇ ಹರಸಬಹುದಿತ್ತು. ಹಾಗಾಗಿ ಚಳಿಗಾಲವಿಡೀ ಅಪ್ಪ ಸೋಫಾದ ದಿಂಬಿನ ಮೇಲೆ ಅಭ್ಯಾಸ ಮಾಡುತ್ತಿದ್ದ. ದಪ್, ದಪದಪ, ದಪ್. ಹಣೆಯಲ್ಲಿ ಬೆವರು, ದಿಂಬಿನಿಂದ ಧೂಳು. ಆ ದಿಂಬಿಗೆ ಸಿಕ್ಕ ಗಮನದಲ್ಲಿ ಕಾಲುಭಾಗ ತನಗೆ ಸಿಕ್ಕಿದ್ದರೆ ಸಾಕಿತ್ತು ಎಂದು ಅಮ್ಮ ಅಡುಗೆಮನೆಯಿಂದಲೇ ಅನ್ನುತ್ತಿದ್ದಳು. ಮೀನು ಅಗಿಯುವವರ ಮುಂದೆ ಸದ್ದು ಮಾಡುವುದೂ ಒಂದು ಕಸುಬೇ ಎಂಬುದು ಅವಳ ಇನ್ನೊಂದು ಮಾತು. ಅವಳು ಕಡೆಗೂ ಆ ರೆಸ್ಟೋರೆಂಟಿನ ಮೆಟ್ಟಿಲು ಹತ್ತಲಿಲ್ಲ.

"ಚಿನ್ನೂ, ಕೇಳು. ಇದು ಚೆನ್ನಾಗಿದೆಯೋ..." ದಪದಪ ದಪ್. "ಇಲ್ಲಾ ಇದೋ?" ದಪದಪ ದಪ್.

ಎಂಟು ವರ್ಷದ ನೆವೆನಾಗೆ ಎರಡೂ ದಿಂಬಿನಂತೆಯೇ ಕೇಳಿಸುತ್ತಿದ್ದವು. "ಎರಡನೇದು," ಎನ್ನುತ್ತಿದ್ದಳು. ಯಾವತ್ತೂ ಎರಡನೆಯದೇ.

"ನಂಗೂ ಹಾಗೇ ಅನ್ನಿಸ್ತು ನೋಡು," ಎಂದು ಅಪ್ಪ ಗಂಭೀರವಾಗಿ ತಲೆಯಾಡಿಸುತ್ತಿದ್ದ. ಒಮ್ಮೆ ಮಾತ್ರ ಕೋಲುಗಳನ್ನು ಮಡಿಲಲ್ಲಿಟ್ಟು ಹೇಳಿದ್ದ: "ಜೋರಾಗಿ ಯಾರು ಬೇಕಾದ್ರೂ ಬಾರಿಸ್ತಾರೆ. ಬೇಗ ಬಾರಿಸೋದೂ ಕೈಗೆ ಬಂದ್ಬಿಡತ್ತೆ. ಆದ್ರೆ ಹಾಡು ನಿಂತ್ಮೇಲೂ ಕೇಳೋರ ತಲೇಲಿ ಅದು ನಡೀತಾನೇ ಇರ್ಬೇಕು. ಅಲ್ಲೂ ನಿಂತೋಯ್ತೋ, ನಾನು ಬರೀ ಗಲಾಟೆ."

*

ಶವಪೆಟ್ಟಿಗೆಯ ಹಿಂದೆ ನಡೆಯಲು ಬಂದವರು ಒಂದು ಮಿನಿಬಸ್ಸಿಗೂ ಸಾಲುತ್ತಿರಲಿಲ್ಲ. ಮಹಡಿಯ ನೆರೆಯವರು, ಕಾವಲಿನ ಪಾಳಿ ಹಂಚಿಕೊಂಡಿದ್ದ ಒಬ್ಬ ಮುದುಕ, ವಾದ್ಯತಂಡದ ಮೂವರು. ಪಾದ್ರಿಗೆ ಇನ್ನೊಂದು ಸಾವು ಕಾದಿತ್ತು, ಪ್ರಾರ್ಥನೆಯನ್ನು ಓಟದಲ್ಲಿ ಮುಗಿಸಿದ. ನೆವೆನಾ ಬೇಯಿಸಿದ ಗೋಧಿಗೆ ಸಕ್ಕರೆ ಬೆರೆಸಿ ಲೋಟಗಳಲ್ಲಿ ಹಂಚಿದಳು. ತೆಗೆದುಕೊಂಡ ಪ್ರತಿಯೊಬ್ಬರೂ ರೂಢಿಯಂತೆ "ದೇವರು ಕ್ಷಮಿಸಲಿ" ಎಂದರು. ಅಪ್ಪ ಕ್ಷಮೆ ಬೇಡುವಂಥದ್ದೇನು ಮಾಡಿದ್ದಾನು ಎಂದು ಅವಳಿಗೆ ಹೊಳೆಯಲಿಲ್ಲ. ಅವನು ಯಾರಿಗೂ ತೊಂದರೆಯಾಗದಂತೆ ಬದುಕಿದ್ದ. ಸತ್ತದ್ದು ಕೂಡ ಪಾಳಿ ಮುಗಿಸಿ, ಬೀಗದ ಕೈ ಒಪ್ಪಿಸಿ ಬಂದ ಮೇಲೆ.

ಅಲ್ಲಿಂದ ಗುಂಡಿಯವರೆಗಿನ ದಾರಿಯಲ್ಲಿ ಅವಳು ಬಾಸ್ ಗಿಟಾರಿನ ಟೋಡೋರ್‌ನ ಪಕ್ಕಕ್ಕೆ ಸರಿದು ಅದೇ ಪ್ರಶ್ನೆ ಕೇಳಿ, ಲೂಬೆನ್ ಅಂದದ್ದನ್ನೂ ಹೇಳಿದಳು. ಬಿರುಗಾಳಿಯೇ ಎಂದು ಅವನು ನಕ್ಕ. ಸ್ಟಾಮೆನ್ ಮೆಲ್ಲಗೆ, ಬಟ್ಟೆ ಒಗೆಯುವವರಷ್ಟೇ ನಿಧಾನವಾಗಿ ಶುರುಮಾಡುತ್ತಿದ್ದ, ಬಡಿತದ ಒಳಗೇ ಹಾಡು ಹರಿಯುತ್ತಿತ್ತು, ಜೊತೆಗೆ ಹಾಡಿಕೊಳ್ಳಬಹುದಿತ್ತು ಎಂದ. ಅಕಾರ್ಡಿಯನ್ನಿನ ಅಸೆನ್ ಇನ್ನೊಂದು ಕಡೆಯಿಂದ ಬಾಯಿ ಹಾಕಿದ: ಕೋಲನ್ನು ಮೇಲಕ್ಕೆಸೆದು ಹಿಡಿಯುತ್ತಿದ್ದನಲ್ಲ, ಜರ್ಮನ್ ಹೆಂಗಸರು ಕಿರುಚುತ್ತಿದ್ದರಲ್ಲ.

"ಅವನು ಜನ್ಮದಲ್ಲಿ ಕೋಲು ಎಸೆದೋನಲ್ಲ," ಎಂದ ಟೋಡೋರ್.

"ಎಸೀತಿದ್ದ ಕಣೋ."

"ಎಸೆದ್ರೆ ಹಿಡಿಯೋಕೆ ಆಗ್ತಿರಲಿಲ್ಲ ಅವನಿಗೆ. ಕನ್ನಡಕದ ಪವರ್ ಎಷ್ಟಿತ್ತು ಗೊತ್ತಾ ನಿಂಗೆ?"

ಪೆಟ್ಟಿಗೆ ಇಳಿಯಿತು. ನೆವೆನಾ ಒಂದು ಹಿಡಿ ಮಣ್ಣು ಹಾಕಿದಳು. ಅದು ಮುಚ್ಚಳದ ಮೇಲೆ ಬಿದ್ದು ದಪ್ ಎಂದಿತು.

*

ನೆವೆನಾಗೆ ಹತ್ತು ವರ್ಷವಾದಾಗ ಒಮ್ಮೆ ಅಪ್ಪ ಅವಳನ್ನು ರೆಸ್ಟೋರೆಂಟಿಗೆ ಕರೆದುಕೊಂಡು ಹೋಗಿದ್ದ. ಅಮ್ಮನಿಗೆ ಹೇಳಿರಲಿಲ್ಲ. ಬಿಳಿ ಷರ್ಟು, ಕೊರಳಿಗೆ ಬೋ ಟೈ, ಅಂಗಡಿಯ ಗೊಂಬೆಯಷ್ಟು ಇಸ್ತ್ರಿಯಾಗಿದ್ದ ಅಪ್ಪ. ಅವಳನ್ನು ಕಂಬದ ಪಕ್ಕದ ಮೇಜಿನಲ್ಲಿ ಕೂರಿಸಿ, ನಿಂಬೆ ಶರಬತ್ತು ತರಿಸಿಕೊಟ್ಟು, ಕಡೆಯ ಹಾಡಿನವರೆಗೆ ಎಚ್ಚರವಾಗಿರು ಎಂದಿದ್ದ. ಅವಳು ಎಚ್ಚರವಾಗಿದ್ದಳು. ಕಡೆಯ ಹಾಡೂ ಶುರುವಾಗಿತ್ತು. ಆಮೇಲೆ ಚಪ್ಪಾಳೆಗೆ ಕಣ್ಣು ಬಿಟ್ಟಾಗ ಜೋಡಿಸಿದ ಎರಡು ಕುರ್ಚಿಗಳ ಮೇಲೆ ಮಲಗಿದ್ದಳು, ಯಾರದೋ ಕೋಟು ಮೈಮೇಲಿತ್ತು.

ಬೆವರು ಒರೆಸಿಕೊಳ್ಳುತ್ತ ಬಂದ ಅಪ್ಪ ಕೇಳಿದ, "ಹೇಗಿತ್ತು?"

"ತುಂಬಾ ಚೆನ್ನಾಗಿತ್ತು," ಎಂದಳು.

ಮನೆಯ ದಾರಿಯುದ್ದಕ್ಕೂ ಅವನು ಶಿಳ್ಳೆ ಹಾಕಿದ್ದ.

*

ಮಣ್ಣು ಮುಗಿಸಿ ಬಂದವರ ಊಟಕ್ಕೆ ಪೆನ್ಕಾ 'ಬಿಳಿ ಹಡಗಿ'ನ ಬೀಗ ತೆಗೆಸಿದ್ದಳು. ಒಂದು ಕಾಲದಲ್ಲಿ ಅಲ್ಲಿನ ಅಡುಗೆಮನೆ ಆಳಿದವಳು, ಈಗ ಅವಳ ಅಳಿಯನೇ ಮಾಲೀಕ. ಸೀಸನ್ ಇಲ್ಲದ್ದರಿಂದ ಕುರ್ಚಿಗಳೆಲ್ಲ ಮೇಜಿನ ಮೇಲೆ ಕಾಲು ಮೇಲಾಗಿ ಕೂತಿದ್ದವು. ಒಂದು ಉದ್ದ ಮೇಜನ್ನಷ್ಟೇ ಇಳಿಸಿಕೊಂಡಿದ್ದರು. ಬೀನ್ಸ್ ಕಾಳಿನ ಸಾರು, ಮೀನು, ಹಣ್ಣಿನ ಸಾರಾಯಿ. ಸತ್ತವರ ಊಟದಲ್ಲಿ ಗ್ಲಾಸು ತಾಕಿಸುವಂತಿಲ್ಲ, ಎಲ್ಲರೂ ನೆಲಕ್ಕೆ ಒಂದು ಹನಿ ಚೆಲ್ಲಿ ಸದ್ದಿಲ್ಲದೆ ಕುಡಿದರು.

ಎರಡನೇ ಸುತ್ತಿಗೆ ಬಿರುಗಾಳಿಯ ಮಾತು ಮತ್ತೆ ಎದ್ದಿತು. ಒಳ್ಳೆಯ ಸೋಲೊ ಎಂದರೆ ಜನ ಉಸಿರು ಬಿಗಿಹಿಡಿಯಬೇಕು, ಸ್ಟಾಮೆನ್‌ನದು ಹಾಗಿತ್ತು ಎಂದ ಲೂಬೆನ್. ಜನ ಉಸಿರು ಬಿಗಿಹಿಡಿಯುವುದು ಇದು ಯಾವಾಗ ಮುಗಿಯುತ್ತದೋ ಎಂದು, ಆಮೇಲಿನ ಚಪ್ಪಾಳೆ ಬಿಡುಗಡೆಯ ಸಂತೋಷಕ್ಕೆ, ಎಷ್ಟೋ ಕಡೆ ನೋಡಿದ್ದೇನೆ, ಆದರೆ ಸ್ಟಾಮೆನ್ ಹಾಗಲ್ಲ ಎಂದ ಟೋಡೋರ್. ಅಸೆನ್ ಮಾತಿನಲ್ಲೇ ಮತ್ತೆ ಕೋಲನ್ನು ಗಾಳಿಗೆಸೆದ.

ಪೆನ್ಕಾ ಮೀನಿನ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು. "ನೀವು ಯಾವಾಗ್ರಯ್ಯಾ ಕೇಳಿದ್ದು?"

ಅಸೆನ್ ಮೀನಿನ ತಟ್ಟೆಯನ್ನು ತನ್ನತ್ತ ಎಳೆದುಕೊಂಡ.

"ಅವನು ಶುರು ಹಚ್ಚಿದ್ದೇ ತಡ, ಮೂರು ಜನಾನೂ ನನ್ನ ಅಡುಗೆಮನೇಲಿ ಇರ್ತಿದ್ರಿ. ಸಿಗರೇಟು ಒಂದು ಕೈಲಿ, ನನ್ನ ಕರಿದ ಮೀನು ಇನ್ನೊಂದು ಕೈಲಿ. ಮಗು ನಿಜ ಕೇಳ್ತಿದೆ, ನಿಜ ಹೇಳ್ರಿ."

ನೆವೆನಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಟೋಡೋರ್ ಬ್ರೆಡ್ಡಿನ ಚೂರುಗಳನ್ನು ಬೆರಳಿನಿಂದ ಗುಡ್ಡೆ ಮಾಡುತ್ತಿದ್ದ.

"ಇಡೀ ಸಂಜೇಲಿ ನಮಗೆ ಸಿಗ್ತಿದ್ದ ಬಿಡುವು ಅದೊಂದೇ," ಎಂದು ಲೂಬೆನ್ ಕೊನೆಗೂ ಒಪ್ಪಿಕೊಂಡ. "ಡ್ರಮ್ಮಿನ ಅಂಚಿಗೆ ಟಕಟಕ ಅಂತ ಬಡಿದು ಕರೀತಿದ್ದ. ನಾವು ಬಾಯಿ ಒರೆಸ್ಕೊಂಡು ಓಡಿ ಬರ್ತಿದ್ವಿ."

"ನೀವು ಕೇಳಿದೀರಾ ಅತ್ತೆ?" ಎಂದು ನೆವೆನಾ ಪೆನ್ಕಾಳನ್ನು ಕೇಳಿದಳು.

"ನನ್ನ ಎಣ್ಣೆ ಬಾಣಲೆ ಚಟಪಟ, ಮೇಲೆ ಫ್ಯಾನು ಗುರ್‌ಗುರ್. ಅವನು ಡ್ರಮ್ಮಿನ ಪಕ್ಕದ ದೊಡ್ಡ ಕಂಚಿನ ತಟ್ಟೆಗೆ ಹೊಡೆದಾಗ ಐಸ್‌ಕ್ರೀಮ್ ಕಳಿಸ್ಬೇಕು. ನಂಗೆ ಗೊತ್ತಿದ್ದಿದ್ದು ಅಷ್ಟೇ ಮಗಳೇ."

ಬಡಿಸುತ್ತಿದ್ದ ಹುಡುಗರು ಕೆಲಸ ಹುಡುಕಿಕೊಂಡು ಸ್ಪೇನ್ ಸೇರಿ ಮುದುಕರಾಗಿದ್ದರು. ಉಳಿದವರು ಕೇಳುಗರು: ಎರಡು ವಾರಕ್ಕೆ ಬಂದು, ಬಿಸಿಲಿಗೆ ಕೆಂಪಗಾಗಿ, ಮರಳಿ ಹೋದವರು. ದೂರದೇಶದ ಡ್ರೆಸ್ಡೆನ್ನಿನಲ್ಲೋ ಬ್ರನೋದಲ್ಲೋ ಯಾವುದೋ ಮುದುಕಿಗೆ ಇದರ ಉತ್ತರ ಗೊತ್ತಿರಬಹುದು. ಅವಳಿಗೆ ಅಪ್ಪನ ಹೆಸರು ಗೊತ್ತಿರುವುದಿಲ್ಲ. ನೆವೆನಾ ಗ್ಲಾಸನ್ನು ದೂರ ಸರಿಸಿದಳು. ಯಾರನ್ನು ಬೈಯುವುದು? ಆ ಕುರ್ಚಿಗಳ ಮೇಲೆ ತಾನೂ ನಿದ್ದೆ ಹೋಗಿದ್ದಳು.

ಆಗ ಲೂಬೆನ್ ಎದ್ದು ಮೂಲೆಯಲ್ಲಿ ತಂದಿಟ್ಟಿದ್ದ ವಾದ್ಯದ ಪೆಟ್ಟಿಗೆ ತೆರೆದ. ಸತ್ತವರ ಮೇಜಿನ ಮುಂದೆ ವಾದ್ಯವೇ ಎಂದು ಪೆನ್ಕಾ ತಡೆದಳು. ಸ್ಟಾಮೆನ್ ಪಾದ್ರಿಯಾಗಿರಲಿಲ್ಲ ಎಂದಷ್ಟೇ ಹೇಳಿ ಅವನು ಸ್ಯಾಕ್ಸೊಫೋನಿಗೆ ಬಾಯಿಟ್ಟ. ಅಸೆನ್ ಅಕಾರ್ಡಿಯನ್ನಿನ ಪಟ್ಟಿಗೆ ಭುಜ ಕೊಟ್ಟ, ಟೋಡೋರ್ ಬಾಸಿನ ವೈರು ಸಿಕ್ಕಿಸಿದ. ಕಡೆಯ ಹಾಡು. ಲೂಬೆನ್‌ನ ಹೊಸ ಹಲ್ಲುಗಳ ನಡುವೆ ಗಾಳಿ ಸೋರುತ್ತಿತ್ತು, ಅಸೆನ್‌ನ ಬೆರಳು ಎರಡು ಕಡೆ ಎಡವಿತು. ಆದರೂ ಹಾಡು ಎದ್ದು ನಿಂತಿತು, ನಡೆಯಿತು, ಸೋಲೊ ಶುರುವಾಗುವ ತಿರುವಿಗೆ ಬಂತು. ಅಲ್ಲಿ ಮೂವರೂ ಒಟ್ಟಿಗೆ ನಿಲ್ಲಿಸಿದರು.

ನಿಲ್ಲಿಸಿ, ವಾದ್ಯಗಳನ್ನು ಕುರ್ಚಿಗೆ ಒರಗಿಸಿ, ಅಡುಗೆಮನೆಯ ಬಾಗಿಲಿಗೆ ನಡೆದರು. ಯೋಚಿಸಿ ಮಾಡಿದ್ದಲ್ಲ. ಲೂಬೆನ್‌ನ ಕೈ ಆಗಲೇ ಸಿಗರೇಟಿಗಾಗಿ ಜೇಬಿನಲ್ಲಿತ್ತು. ಬಾಗಿಲು ತೂಗಾಡಿ ಮುಚ್ಚಿಕೊಂಡಿತು.

ಮೇಜಿನ ಸುತ್ತ ಕುಳಿತವರಿಗೆ ಇದು ಮುಗಿದದ್ದೋ ಅಲ್ಲವೋ ತಿಳಿಯಲಿಲ್ಲ. ಕಾವಲಿನ ಮುದುಕ ಚಪ್ಪಾಳೆಗೆಂದು ಎತ್ತಿದ ಕೈಗಳನ್ನು ಹಾಗೆಯೇ ತೊಡೆಯ ಮೇಲೆ ಇಳಿಸಿದ. ಯಾರೂ ಚಮಚ ಮುಟ್ಟಲಿಲ್ಲ. ಹೊರಗೆ ಅಲೆ ಬಂದು ದಡಕ್ಕೆ ತಾಕಿ ಹಿಂದೆ ಹೋಯಿತು.

ನೆವೆನಾ ತಲೆಯೆತ್ತಿದಳು. ತಟ್ಟೆ ದಾಟಿಸುವ ಚೌಕದ ಕಿಂಡಿಯಲ್ಲಿ, ಆರಿದ ಒಲೆಗಳ ಮುಂದೆ, ಮೂರು ನರೆತ ತಲೆಗಳು ಒಂದಕ್ಕೊಂದು ತಾಕುವಷ್ಟು ಹತ್ತಿರ ಬಾಗಿದ್ದವು, ಕಿವಿ ಈಚೆಗೆ ಮಾಡಿಕೊಂಡು. ಹಚ್ಚದ ಸಿಗರೇಟು ಲೂಬೆನ್‌ನ ತುಟಿಯಲ್ಲಿ ಹಾಗೇ ಇತ್ತು. ಯಾರೂ ಏನೂ ಅಗಿಯುತ್ತಿರಲಿಲ್ಲ.