ಹನ್ನೊಂದು ವರ್ಷದ ಇಂಜಿನ್

ಸುಹಾಸನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮುಚ್ಚಿಟ್ಟು ಏನಾಗಬೇಕು?

ಪರೇಲಿನ ರೈಲ್ವೆ ವರ್ಕ್‌ಶಾಪಿನಿಂದ ರಿಟೈರಾದ ಮೇಲೆ ಸಯನ್ನಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತು, ಹನ್ನೊಂದು ವರ್ಷ ತಾಮ್ರ, ಹಿತ್ತಾಳೆ ಉಜ್ಜಿದ್ದೇನೆ. ಮಾಥೇರಾನ್ ಬೆಟ್ಟ ಹತ್ತುತ್ತಿದ್ದ ಹಳೇ ಉಗಿಬಂಡಿಯ ಪುಟ್ಟ ಮಾದರಿ. ಆಟಿಕೆಯಲ್ಲ ಸ್ವಾಮಿ, ಒಳಗೆ ನಿಜವಾಗಿ ನೀರು ಕುದ್ದು ಹಬೆಯಲ್ಲೇ ಓಡುವಂಥದ್ದು. ಬಾಂದ್ರಾದ ಬ್ಯಾಂಕಿನಲ್ಲಿರುವ ಸುಹಾಸ ಅಂಥದ್ದೇ ಇಂಜಿನ್ನನ್ನು ಎಂಟು ತಿಂಗಳಲ್ಲಿ ಮುಗಿಸಿಬಿಟ್ಟ! ಭಾಗಗಳನ್ನೆಲ್ಲ ಕಂಪ್ಯೂಟರ್ ಮಷಿನ್ನೇ ಕತ್ತರಿಸಿತಂತೆ. ಅದೂ ಒಂದು ಕೆಲಸವೇ?

ಭಾನುವಾರ ಮಾಟುಂಗಾದಲ್ಲಿ ಮಾದರಿಗಳ ಪ್ರದರ್ಶನ. ಹೆಂಡತಿ ವನಮಾಲಾಳನ್ನೂ ಹೊರಡಿಸಿದೆ. ಮನೆಯಲ್ಲಿ ಹಳಿ ಹಾಸಲು ಜಾಗವಿಲ್ಲದೆ ಅವಳು ಅದು ಓಡುವುದನ್ನು ಒಮ್ಮೆಯೂ ನೋಡಿರಲಿಲ್ಲ.

“ಬಟ್ಟೆ ಒಣಗಿಸೋಕೂ ಜಾಗ ಬಿಡ್ಲಿಲ್ಲ ನೀವು. ಇವತ್ತಾದ್ರೂ ಓಡತ್ತೇನ್ರೀ?”

“ಬಂದು ನೋಡೇ,” ಎಂದೆ. ಅವಳೆದುರು ಓಡಬೇಕು, ನನಗೆ ಬೇಕಿದ್ದದ್ದು ಅಷ್ಟೇ.

ದಾರಿಯಲ್ಲಿ ಚೆಲ್ಲದಿರಲೆಂದು ಬಾಯ್ಲರ್ ಖಾಲಿ ಮಾಡಿ ತಂದಿದ್ದೆ. ತುಂಬಲು ಸಿರಿಂಜಿನಲ್ಲಿ ನೀರೆಳೆದುಕೊಂಡೆ. ಅಷ್ಟರಲ್ಲಿ ಚಪ್ಪಾಳೆಯ ಸದ್ದು. ಸುಹಾಸನ ಇಂಜಿನ್ ಸಿಳ್ಳೆ ಹಾಕುತ್ತಾ ಹೊರಟಿತ್ತು. ವನಮಾಲಾ ಕೂಡ ಚಪ್ಪಾಳೆ ತಟ್ಟುತ್ತಿದ್ದಳು.

“ಅಯ್ಯೋ, ಎಷ್ಟು ಮುದ್ದಾಗಿದೆ ನೋಡ್ರೀ!”

ಸಿರಿಂಜನ್ನು ಪಕ್ಕಕ್ಕೆ ಕುಕ್ಕಿ, ಬಾಯ್ಲರ್ ಕೆಳಗಿನ ಗ್ಯಾಸ್ ತಿರುಗಿಸಿ, ಕಡ್ಡಿ ಗೀರಿದೆ. ಕಣ್ಣು ಮಾತ್ರ ಅವನ ಇಂಜಿನ್ನಿನ ಮೇಲೇ ಇತ್ತು. ಹಳಿ ತಪ್ಪಲಿ, ತಿರುವಿನಲ್ಲಿ ಮಗುಚಿ ಬೀಳಲಿ ಎಂದು ಕಾಯುತ್ತಾ ನಿಂತೆ. ಅದು ಮಗುಚಲಿಲ್ಲ.

“ಅಂಕಲ್! ಗ್ಯಾಸ್ ಬಂದ್ ಮಾಡಿ, ಜಲ್ದಿ! ಪಾನಿ ಸಿರಿಂಜಲ್ಲೇ ಇದೆ, ಹಾಕಿಲ್ಲ ನೀವು!”

ಸುಹಾಸ ಓಡಿಬಂದು ತಾನೇ ಗ್ಯಾಸ್ ಆರಿಸಿದ. ತಡವಾಗಿತ್ತು. ಬೆಸುಗೆ ಕರಗಿ ಬಾಯ್ಲರ್ ಬಾಯಿಬಿಟ್ಟಿತ್ತು. ಮೊದಲು ನೀರು, ಆಮೇಲೆ ಬೆಂಕಿ ಎಂದು ವರ್ಕ್‌ಶಾಪಿನಲ್ಲಿ ಎಷ್ಟು ಜನರಿಗೆ ಬೈದು ಕಲಿಸಿದ್ದೆ ನಾನು!

ಸುಹಾಸ ತನ್ನ ಇಂಜಿನ್ನಿನ ರಿಮೋಟನ್ನು ನನ್ನ ಕೈಗಿತ್ತ.

“ನೀವು ಚಲಾಯಿಸಿ ಅಂಕಲ್. ಆಂಟಿ ನೋಡ್ಲಿ.”

ಬೇಡ ಎನ್ನಬೇಕಿತ್ತು. ಅವಳ ಮುಖ ನೋಡಿ ಈಸಿಕೊಂಡೆ. ಏನು ಚೆಂದ ಓಡಿತು ಅಂತೀರಿ! ಒಂದು ಅಲುಗಾಟವಿಲ್ಲ, ಒಂದು ಸೋರಿಕೆಯಿಲ್ಲ. ವನಮಾಲಾ ಕಣ್ಣೊರೆಸಿಕೊಂಡು, ಈ ಸಲ ನನ್ನನ್ನೇ ನೋಡುತ್ತಾ ಚಪ್ಪಾಳೆ ತಟ್ಟಿದಳು. ಆ ಚಪ್ಪಾಳೆಯನ್ನೂ ಅವನೇ ಕೊಡಿಸಬೇಕಾಯಿತಲ್ಲ ಎಂದು ನನ್ನ ಮೈ ಇನ್ನಷ್ಟು ಉರಿಯಿತು.